ದಿಂಬಿನ ಬಟ್ಟೆಯಲ್ಲಿ ಬೆಂದ ಹ್ಯಾಗಿಸ್

ಬಾಯಿ ಬಿಟ್ಟದ್ದೇ ತಪ್ಪಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದ ಲೀತ್ ಬಡಾವಣೆಯಲ್ಲಿ ನಾವಿರುವುದು ನಾಲ್ಕು ಅಂತಸ್ತಿನ ಹಳೆಯ ಕಲ್ಲುಕಟ್ಟಡ; ಎಂಟು ಮನೆಗಳಿಗೆ ಒಂದೇ ಮೆಟ್ಟಿಲು. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಜನವರಿ 25ರ ರಾತ್ರಿ ಯಾರಾದರೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಉಣ್ಣುವುದು ನಮ್ಮ ಮೆಟ್ಟಿಲಿನ ರೂಢಿ. ಹಿಂದಿನ ವರ್ಷ ಸಸ್ಯಾಹಾರಿಗಳಿಗೆಂದು ಅಂಗಡಿಯಿಂದ ತಂದ ಹ್ಯಾಗಿಸ್ ಬಡಿಸಿದಾಗ ನಾನು ಸುಮ್ಮನೆ ತಿನ್ನದೆ, “ಚೆನ್ನಾಗಿದೆ, ಮೆಣಸು ಮಾತ್ರ ಸಾಲದು” ಎಂದುಬಿಟ್ಟೆ. ಈ ಸಲ ಡಿಸೆಂಬರ್ ಮೊದಲ ವಾರವೇ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಬಂತು. ಸೂಪು ಎರಡನೇ ಮಹಡಿ, ಸಿಹಿ ಮೂರನೇ ಮಹಡಿ, ವಿಸ್ಕಿ ಎಲ್ಲರೂ, ಸಸ್ಯಾಹಾರಿ ಹ್ಯಾಗಿಸ್ ನಾನು. “ಮನೆಯಲ್ಲಿ ಮಾಡಿದ್ದು” ಎಂಬುದರ ಕೆಳಗೆ ಎರಡು ಗೆರೆ. ಅಕ್ಷರ ಕೆಳಮನೆಯ ಅಜ್ಜಿಯದು.

ಹ್ಯಾಗಿಸ್ ಎಂದರೆ ಏನೆಂದು ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ವಿವರಿಸಿದ್ದೆ. ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶ ಬೇಯಿಸಿ ಕೊಚ್ಚಿ, ಓಟ್ಸ್ ನುಚ್ಚು, ಈರುಳ್ಳಿ, ಗಟ್ಟಿ ಕೊಬ್ಬು, ಉಪ್ಪು, ಮೆಣಸು ಕಲಸಿ, ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬಿ, ಹೊಲಿದು, ಗಂಟೆಗಟ್ಟಲೆ ಕುದಿಸುವುದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಲ್ಲಿ ನಿನಗೆ ಉಳಿಯುವುದು ಏನಪ್ಪಾ, ಈರುಳ್ಳಿ ಮತ್ತು ಉಪ್ಪೇ?” ಎಂದಳು.

ಆ ಪ್ರಶ್ನೆ ನನ್ನನ್ನು ಎರಡು ತಿಂಗಳು ಕಾಡಿತು. ಸಸ್ಯಾಹಾರಿ ಹ್ಯಾಗಿಸ್ ನನ್ನ ಆವಿಷ್ಕಾರವೇನಲ್ಲ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಕಾವ್ಯ ಗ್ರಂಥಾಲಯ ಆರಂಭವಾದಾಗ, ಆ ಸಮಾರಂಭಕ್ಕೆಂದು ಇಲ್ಲಿನ ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯ ಮನೆತನದವರು ಮಾಂಸವಿಲ್ಲದ ಹ್ಯಾಗಿಸ್ ಮಾಡಿಕೊಟ್ಟರು. ಕವಿಗಳಲ್ಲೂ ಸಸ್ಯಾಹಾರಿಗಳು ಇರುತ್ತಾರಲ್ಲ! ಈಗ ಅದು ಯಾವ ಸೂಪರ್ ಮಾರ್ಕೆಟ್ಟಿನಲ್ಲಾದರೂ ಸಿಗುತ್ತದೆ. ಹೀಗಾಗಿ ದಾರಿ ಇದ್ದೇ ಇತ್ತು. ನಡೆಯಲು ಬಾರದವನು ನಾನು.

ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಗಂಜಿಗೆ ಬಳಸುವ, ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್ ಮನೆಯಲ್ಲಿತ್ತು. ಅದನ್ನೇ ಬೇಳೆ, ಅಣಬೆ, ಈರುಳ್ಳಿಗೆ ಸೇರಿಸಿ ಬೇಯಿಸಿದೆ. ಹತ್ತು ನಿಮಿಷದಲ್ಲಿ ಪಾತ್ರೆಯಲ್ಲಿದ್ದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಅಂಟು. ಒಂದು ಬಟ್ಟಲಿಗೆ ಹಾಕಿಕೊಂಡು ಕೆಳಗಿಳಿದು ಅಜ್ಜಿಯ ಬಾಗಿಲು ಬಡಿದೆ. ಎಂಬತ್ತು ದಾಟಿದ ಅವರು ಅಬರ್ಡೀನ್‌ಶೈರ್‌ನ ಹಳ್ಳಿಯಲ್ಲಿ ಬೆಳೆದವರು. ಚಮಚದ ತುದಿಯಿಂದ ಒಮ್ಮೆ ಮುಟ್ಟಿ ನೋಡಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

“ಇದು ಓಟ್ಸ್ ಅಲ್ಲ, ಓಟ್ಸ್‌ನ ಹೆಣ,” ಎಂದರು.

ಆಮೇಲೆ ಕಪಾಟಿನಿಂದ ಮೂರು ಡಬ್ಬಿ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರಲ್ಲಿ ಕಾಳನ್ನು ಎರಡು ಮೂರು ಚೂರಾಗಿ ಕತ್ತರಿಸಿದ ದಪ್ಪ ನುಚ್ಚು. ಇದನ್ನು ಇಲ್ಲಿ ಪಿನ್‌ಹೆಡ್ ಎನ್ನುತ್ತಾರೆ. ಇನ್ನೊಂದರಲ್ಲಿ ಉಪ್ಪಿಟ್ಟಿನ ರವೆಯಂಥದ್ದು, ಗಂಜಿಗೆ. ಮೂರನೆಯದು ಚಿರೋಟಿ ರವೆಗಿಂತ ನಯ, ಓಟ್‌ಕೇಕ್ ಎಂಬ ಗರಿಗರಿ ರೊಟ್ಟಿಗೆ. ನನಗೆ ಒಳಗೊಳಗೇ ನಗು ಬಂತು. ಬನ್ಸಿ ರವೆ, ಸಣ್ಣ ರವೆ, ಚಿರೋಟಿ ರವೆ ಎಂದು ಕಣ್ಣು ಮುಚ್ಚಿ ಬೆರಳಲ್ಲೇ ಗುರುತಿಸುವ ಮನೆಯಲ್ಲಿ ಬೆಳೆದವನು, ಓಟ್ಸ್ ಎಂದರೆ ಒಂದೇ ಎಂದುಕೊಂಡು ಐದು ವರ್ಷ ಈ ದೇಶದಲ್ಲಿ ಕಳೆದಿದ್ದೆ. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಎಂದು ಸಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಓಟ್ಸ್‌ಗೆ ಅರ್ಥ ಬರೆದಿದ್ದಾನೆ. ಆ ಕುಹಕವನ್ನು ಅಜ್ಜಿ ಇನ್ನೂ ಕ್ಷಮಿಸಿಲ್ಲ.

ಹ್ಯಾಗಿಸ್ ಕಲಿಸುವ ಮೊದಲು ಅವರು ನನಗೆ ಸ್ಕರ್ಲಿ ಕಲಿಸಿದರು. “ಇದು ಬಾರದವನಿಗೆ ಅದು ಬಾರದು.” ಕಬ್ಬಿಣದ ಬಾಣಲೆಯಲ್ಲಿ ಕೊಬ್ಬು ಕಾಯಿಸಿ ಈರುಳ್ಳಿ ಹಾಕಿದರೆ ಚೊಯ್ಯೆಂದು ಕಿರುಚುತ್ತದಲ್ಲ, ಸ್ಕಾಟ್ಸ್ ನುಡಿಯಲ್ಲಿ ಆ ಕಿರುಚಾಟವೇ ಸ್ಕರ್ಲ್. ನನಗಾಗಿ ಪ್ರಾಣಿಕೊಬ್ಬಿನ ಬದಲು ಬೆಣ್ಣೆ ಹಾಕಿದರು. ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಎರಡು ಹಿಡಿ ನುಚ್ಚು ಸುರಿದು, ಉರಿ ಸಣ್ಣದು ಮಾಡಿ, ಕೈಯಾಡಿಸುತ್ತಲೇ ಇದ್ದರು. ನೀರಿಲ್ಲ, ಮುಚ್ಚಳವಿಲ್ಲ. ಐದನೇ ನಿಮಿಷಕ್ಕೆ ಹಿಟ್ಟಿನ ವಾಸನೆ ಹೋಗಿ ಹುರಿಗಡಲೆಯ ವಾಸನೆ ಬಂತು. ಹತ್ತನೆಯದಕ್ಕೆ ಕಡಲೆಕಾಯಿ ಹುರಿದ ವಾಸನೆ. “ಈಗ,” ಎಂದರು. ಗಡಿಯಾರ ನೋಡಲೇ ಇಲ್ಲ. ಕಾಳು ಹಲ್ಲಿಗೆ ಸಿಗಬೇಕು, ಆದರೆ ಹಲ್ಲನ್ನು ಮುರಿಯಬಾರದು. ಒಗ್ಗರಣೆ ಮರೆತ ಉದುರು ಉಪ್ಪಿಟ್ಟಿನಂತಿತ್ತು ಅದು. ನಾನು ಎರಡು ಸಲ ಹಾಕಿಸಿಕೊಂಡೆ.

ಗೋಡೆಯಲ್ಲಿ ಒಂದು ಕಟ್ಟಿಗೆಯ ಕೋಲು ತೂಗುಹಾಕಿತ್ತು, ತುದಿ ಸವೆದು ನುಣ್ಣಗಾದದ್ದು. ಸ್ಪರ್ಟಲ್, ಗಂಜಿ ತಿರುವುವ ಕೋಲು. ಅವರ ಅಜ್ಜಿಯ ಕಾಲದ್ದಂತೆ. ಬಲಗೈಯಲ್ಲಿ ಹಿಡಿದು ಬಲಕ್ಕೇ ತಿರುವಬೇಕು, ಎಡಕ್ಕೆ ತಿರುವಿದರೆ ಕೆಡುಕು. ಕೈಗೆತ್ತಿಕೊಂಡು ನೋಡಿದೆ. ತುಮಕೂರಿನ ಕಡೆಯವನಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ನಮ್ಮ ಮುದ್ದೆ ಕೋಲಿನ ತೆಳ್ಳಗಿನ ತಮ್ಮ. ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಗಂಜಿ ಕಾಯಿಸುವ ವಿಶ್ವ ಸ್ಪರ್ಧೆ ನಡೆಯುತ್ತದೆ. ಗೆದ್ದವರಿಗೆ ಚಿನ್ನದ ಬಣ್ಣದ ಸ್ಪರ್ಟಲ್ ಬಹುಮಾನ. ಸಂಪ್ರದಾಯದ ವಿಭಾಗದಲ್ಲಿ ಓಟ್ಸ್ ನುಚ್ಚು, ನೀರು, ಉಪ್ಪು ಇಷ್ಟೇ. ಇನ್ನೊಂದು ವಿಭಾಗದಲ್ಲಿ ಏನು ಬೇಕಾದರೂ ಸೇರಿಸಬಹುದು, ಓಟ್ಸ್ ಇದ್ದರಾಯಿತು. ಅಜ್ಜಿ ಆ ಎರಡನೇ ವಿಭಾಗವನ್ನು ಸರ್ಕಸ್ ಎನ್ನುತ್ತಾರೆ. ಅದೇ ಬಾಯಲ್ಲಿ ನನ್ನ ಬೆಣ್ಣೆಯ ಸ್ಕರ್ಲಿಗೆ ಅವರದೇನೂ ತಕರಾರಿರಲಿಲ್ಲ. ಅವರ ಲೆಕ್ಕ ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ಒಂದಿಲ್ಲದಿದ್ದರೆ ಇನ್ನೊಂದು ಹಾಕಬಹುದು, ತೋರಿಕೆಗೆಂದು ಹಾಕಬಾರದು.

ಚಹಾ ಕುಡಿಯುತ್ತಾ ಅವರ ತಾಯಿ ಹ್ಯಾಗಿಸ್ ಮಾಡುತ್ತಿದ್ದ ಬಗೆ ಹೇಳಿದರು. ಹೃದಯ, ಪಿತ್ತಜನಕಾಂಗ, ಶ್ವಾಸಕೋಶ ಮೂರೂ ಗಂಟಲ ಕೊಳವೆಗೆ ಅಂಟಿಕೊಂಡೇ ಬರುತ್ತಿದ್ದವು. ಆ ಗೊಂಚಲಿಗೆ ಪ್ಲಕ್ ಎಂದು ಹೆಸರು. ಹಂಡೆಯಲ್ಲಿ ಕುದಿಸುವಾಗ ಕೊಳವೆಯ ತುದಿಯನ್ನು ಅಂಚಿನಿಂದ ಹೊರಕ್ಕೆ ಇಳಿಬಿಟ್ಟು, ಕೆಳಗೊಂದು ಬಟ್ಟಲಿಡುತ್ತಿದ್ದರಂತೆ. ಒಳಗಿನ ಕೊಳೆಯೆಲ್ಲ ನೊರೆಯಾಗಿ ಅದರ ಮೂಲಕ ತೊಟ್ಟಿಕ್ಕುತ್ತಿತ್ತು. ನಾನು ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸಿಟ್ಟೆ. “ಮುಖ ಕಿವುಚಬೇಡ. ಕುರಿ ಕಡಿದ ದಿನ ಉಪ್ಪು ಹಾಕಿ ಇಡಲು ಆಗದ ಭಾಗ ಅದು. ಅಂದೇ ಬೇಯಬೇಕು. ಒಂದು ಕುರಿಯಲ್ಲಿ ಇರುವುದು ಅಷ್ಟೇ. ಅದನ್ನು ಮನೆಮಂದಿಗೆಲ್ಲ ಸಾಲುವಂತೆ ಮಾಡಿದ್ದು ಓಟ್ಸ್.”

ಹ್ಯಾಗಿಸ್‌ನಂಥದ್ದನ್ನು ಮಾಡುವ ವಿಧಾನ 1430ರ ಸುಮಾರಿಗೇ ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯ ಪಾಕಪದ್ಯವೊಂದರಲ್ಲಿ ಇದೆ ಎಂದು ನಾನು ಓದಿದ್ದನ್ನು ಹೇಳಿದೆ. ಹೇಳಬಾರದಿತ್ತು. ಎರಡನೇ ಲೋಟ ಚಹಾ ಬರಲಿಲ್ಲ.

ಎರಡನೇ ಪ್ರಯತ್ನಕ್ಕೆ ಲೆಕ್ಕ ಹಾಕಿ ಕುಳಿತೆ. ಪಿತ್ತಜನಕಾಂಗದ ಕಡುರುಚಿಗೆ ಅಣಬೆ: 200 ಗ್ರಾಂ, ನೀರೆಲ್ಲ ಆರಿ ಕಪ್ಪಾಗುವವರೆಗೆ ಹುರಿದದ್ದು. ಕೊಚ್ಚಿದ ಮಾಂಸದ ಬದಲು ಬೇಯಿಸಿ ಅರ್ಧಂಬರ್ಧ ಜಜ್ಜಿದ ರಾಜ್ಮಾ. ಎಲ್ಲವನ್ನೂ ಹಿಡಿದಿಡಲು ಚನ್ನಂಗಿ ಬೇಳೆ 100 ಗ್ರಾಂ. ಅದು ಕರಗಿ ಅಂಟಾಗುತ್ತದೆ, ತೊಗರಿಯಂತೆ ತನ್ನ ಹೆಸರು ಹೇಳಿಕೊಳ್ಳುವುದಿಲ್ಲ. ತುರಿದ ಕ್ಯಾರೆಟ್, ಎರಡು ಈರುಳ್ಳಿ. ಹುರಿದು ಅರ್ಧ ಗಂಟೆ ನೆನೆಸಿದ ಪಿನ್‌ಹೆಡ್ 200 ಗ್ರಾಂ. ಕುರಿಯ ಕೊಬ್ಬಿನ ಬದಲು ಅಂಗಡಿಯಲ್ಲಿ ಸಿಗುವ ಸಸ್ಯಜನ್ಯ ಗಟ್ಟಿಕೊಬ್ಬಿನ ಚೂರು 75 ಗ್ರಾಂ. ಎಣ್ಣೆ ಹಾಕಿ ನೋಡಿದವರು ಕೈಸುಟ್ಟುಕೊಳ್ಳುತ್ತಾರೆ. ಎಣ್ಣೆ ಮೊದಲೇ ನುಚ್ಚಿಗೆ ಇಳಿದುಬಿಡುತ್ತದೆ. ಗಟ್ಟಿಕೊಬ್ಬು ಬೇಯುವಾಗ ಕರಗಿ, ತಾನಿದ್ದ ಜಾಗವನ್ನು ಖಾಲಿ ಬಿಡುತ್ತದೆ. ಹ್ಯಾಗಿಸ್ ಉದುರುದುರಾಗಿ ಇರುವುದು ಆ ಖಾಲಿ ಜಾಗಗಳಿಂದ. ಜಾಯಿಕಾಯಿ ಚಿಟಿಕೆ, ಜಾಪತ್ರೆ ಚೂರು, ಮೆಣಸು ಎರಡು ಚಮಚ. ಮೆಣಸು ಸಕಲೇಶಪುರದ್ದು, ಅಮ್ಮ ಸೂಟ್‌ಕೇಸಿನ ಮೂಲೆಯಲ್ಲಿ ತುರುಕಿ ಕಳಿಸಿದ್ದು. ಇವರ ಹ್ಯಾಗಿಸ್‌ಗೆ ಹಿಂದೆಯೂ ಮೆಣಸು ನಮ್ಮ ಕಡೆಯಿಂದ ಬಂದಿರಬಹುದಲ್ಲವೇ, ಆ ಧೈರ್ಯದ ಮೇಲೆ ಇನ್ನರ್ಧ ಚಮಚ ಸೇರಿಸಿದೆ.

ರುಚಿ ಬಂದಿತ್ತು. ಕೆಟ್ಟದ್ದು ಚೀಲದಲ್ಲಿ. ಮಾಂಸ ತುಂಬಿ ಮಾಡುವ ಸಾಸೇಜಿಗೆ ಬಳಸುವ ಪ್ಲಾಸ್ಟಿಕ್ ಕೋಶವನ್ನು ತರಿಸಿ, ಮೂಗಿನ ಮಟ್ಟ ತುಂಬಿ, ಎರಡೂ ತುದಿ ಬಿಗಿದು ಎಸರಿಗೆ ಬಿಟ್ಟೆ. ಇಪ್ಪತ್ತು ನಿಮಿಷವಾದ ಮೇಲೆ ಡಬ್ ಎಂದಿತು. ಮುಚ್ಚಳ ತೆಗೆದರೆ ಪಾತ್ರೆ ತುಂಬ ಕಂದು ಗಂಜಿ, ಮೇಲೆ ಪೊರೆ ಕಳಚಿದ ಹಾವಿನಂತೆ ತೇಲುತ್ತಿದ್ದ ಕೋಶ. ಆ ರಾತ್ರಿ ಹೆಂಡತಿ, ನಾನು ಅದನ್ನೇ ಬಸಿದು ಮಾವಿನಕಾಯಿ ಉಪ್ಪಿನಕಾಯಿ ನಂಜಿಕೊಂಡು ಉಂಡೆವು. ಅವಳು ಅದನ್ನು ಹ್ಯಾಗಿಸ್‌ನ ಎಲ್ಲಕ್ಕಿಂತ ಒಳ್ಳೆಯ ಆಧುನಿಕ ಅವತಾರ ಎಂದು ಈಗಲೂ ವಾದಿಸುತ್ತಾಳೆ.

“ಎಷ್ಟು ತುಂಬಿದೆ?” ಎಂದರು ಅಜ್ಜಿ ಮರುದಿನ. ಪೂರ್ತಿ ಎಂದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನುಚ್ಚು ನೀರು ಕುಡಿದು ಉಬ್ಬುತ್ತದೆ; ಹೊಟ್ಟೆಯ ಚೀಲವನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ, ಉಳಿದದ್ದನ್ನು ಖಾಲಿ ಬಿಟ್ಟು, ಕುದಿಯುವಾಗ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಗಾಳಿ ಹೊರಬಿಡಬೇಕು. ಎರಡು ವಾರದ ನನ್ನ ಲೆಕ್ಕದಲ್ಲಿ ಗ್ರಾಂಗಳಿದ್ದವು, ಖಾಲಿಯಿರಲಿಲ್ಲ.

ಅವರು ಒಳಗೆ ಹೋಗಿ ಮಡಿಸಿದ ಬಿಳಿ ಬಟ್ಟೆಯೊಂದನ್ನು ತಂದರು. ಹಳೆಯ ದಿಂಬಿನ ಕವರನ್ನು ಹೊಲಿಗೆ ಬಿಚ್ಚಿ ಹರಡಿದ್ದು, ಚಹಾ ಬಣ್ಣಕ್ಕೆ ತಿರುಗಿದ್ದು. ಸ್ಕಾಟ್ಸ್ ನುಡಿಯಲ್ಲಿ ಕ್ಲೂಟ್ ಎಂದರೆ ಬಟ್ಟೆ. ಒಣದ್ರಾಕ್ಷಿ, ಮಸಾಲೆ, ಕಾಕಂಬಿ ಹಾಕಿದ ಹಿಟ್ಟಿನ ಮುದ್ದೆಯನ್ನು ಇಂಥ ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ಗಂಟೆ ಕುದಿಸಿದರೆ ಅದು ಕ್ಲೂಟಿ ಡಂಪ್ಲಿಂಗ್, ಇಲ್ಲಿನ ಹುಟ್ಟುಹಬ್ಬಗಳ ಕಡುಬು. “ಕುರಿಯ ಹೊಟ್ಟೆ ನಿನಗೆ ಬೇಡ. ಪ್ಲಾಸ್ಟಿಕ್ ನನಗೆ ಬೇಡ. ಇದರಲ್ಲಿ ಕಟ್ಟು.” ನಮ್ಮ ಮನೆಯಲ್ಲಿ ಇಡ್ಲಿ ಬಟ್ಟೆ ಇದೆ ಎಂದೆ, ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಹೆಣೆದದ್ದಕ್ಕಿಂತ ತೂತೇ ಹೆಚ್ಚು ಎಂದು ಮಡಿಸಿ ಕೊಟ್ಟರು.

ಬಟ್ಟೆಯ ಕೆಲಸ ನೋಡಲು ಸುಲಭ. ಮೊದಲು ಅದನ್ನು ಕುದಿಯುವ ನೀರಿಗೆ ಹಾಕಿ, ಇಕ್ಕಳದಿಂದ ಎತ್ತಿ, ಕೈ ಸುಡುತ್ತಿರುವಾಗಲೇ ಹಿಂಡಬೇಕು. ಮೇಜಿನ ಮೇಲೆ ಹರಡಿ ಮೈದಾ ಉದುರಿಸಿ ಅಂಗೈಯಿಂದ ಸವರಬೇಕು. ಒದ್ದೆ ಬಿಸಿಗೆ ಹಿಟ್ಟು ಅಂಟಿ ತೆಳ್ಳನೆಯ ಪದರವಾಗುತ್ತದೆ. ಬೆಂದ ಮೇಲೆ ಅದೇ ತೊಗಲು. ನಡುವೆ ಮಿಶ್ರಣವನ್ನಿಟ್ಟು ನಾಲ್ಕು ಮೂಲೆ ಎತ್ತಿ ಕಟ್ಟುವಾಗ ನಾನು ಅಭ್ಯಾಸಬಲದಿಂದ ಬಿಗಿಯಾಗಿ ಹಿಡಿದೆ. ಅಜ್ಜಿ ಗಂಟಿನ ಕೆಳಗೆ ತಮ್ಮ ಮೂರು ಬೆರಳು ತೂರಿಸಿ, “ಈಗ ಕಟ್ಟು” ಎಂದರು. ಕಟ್ಟಿದ ಮೇಲೆ ಬೆರಳು ಎಳೆದುಕೊಂಡರು. ಆ ಮೂರು ಬೆರಳಿನ ಜಾಗವೇ ನನ್ನ ಎರಡನೇ ಪ್ರಯತ್ನದಲ್ಲಿ ಇಲ್ಲದಿದ್ದದ್ದು. ತಳಕ್ಕೆ ಅಂಟದಂತೆ ಹಂಡೆಯ ಅಡಿಯಲ್ಲಿ ಬೋರಲು ಹಾಕಿದ ತಟ್ಟೆ. ಕುದಿತ ಒಂದೂವರೆ ಗಂಟೆ, ಅಬ್ಬರವಿಲ್ಲದೆ, ತಟ್ಟೆ ಟಕಟಕ ಎನ್ನುವಷ್ಟು ಮಾತ್ರ. ಟಕಟಕ ನಿಂತರೆ ನೀರು ಕಡಿಮೆಯಾಗಿದೆ ಎಂದರ್ಥ. ತೆಗೆದು ಬಟ್ಟೆ ಬಿಚ್ಚುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಬಟ್ಟೆ ಹಿಂದೆ ಸರಿಯಿತು, ತೊಗಲು ಉಳಿಯಿತು. ಸಣ್ಣ ಬಿಸಿಯ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟಾಗ ಒದ್ದೆ ಮಿನುಗು ಹೋಗಿ ತೊಗಲು ಒಣಗಿ ಹೊಳೆಯಿತು. ಹಿಂದೆ ಇದನ್ನು ಬೆಂಕಿಗೂಡಿನ ಮುಂದಿಟ್ಟು ಒಣಗಿಸುತ್ತಿದ್ದರು.

ಜೊತೆಗೆ ನೀಪ್ಸ್ ಮತ್ತು ಟ್ಯಾಟೀಸ್ ಇರಲೇಬೇಕು. ಟ್ಯಾಟೀಸ್ ಆಲೂಗಡ್ಡೆ, ತಂಟೆಯಿಲ್ಲ. ನೀಪ್ಸ್ ಎಂದು ಮೊದಲ ಸಲ ನಾನು ತಂದದ್ದು ಬಿಳಿ ಟರ್ನಿಪ್. ಬೇಕಿದ್ದದ್ದು ಹೊರಗೆ ನೇರಳೆ, ಒಳಗೆ ಹಳದಿ, ತಲೆಯಷ್ಟು ದೊಡ್ಡ ಗಡ್ಡೆ. ಇಂಗ್ಲೆಂಡಿನವರು ಸ್ವೀಡ್ ಎನ್ನುವುದು. ಅದನ್ನು ಕತ್ತರಿಸುವುದೆಂದರೆ ತೆಂಗಿನಕಾಯಿಯನ್ನು ಚೂರಿಯಿಂದ ಒಡೆದಂತೆ. ಕುಂಬಳಕಾಯಿ ಬರುವ ಮೊದಲು ಹ್ಯಾಲೋವೀನ್ ಹಬ್ಬಕ್ಕೆ ಇಲ್ಲಿನ ಮಕ್ಕಳು ಇದನ್ನೇ ಕೊರೆದು ದೀಪ ಮಾಡುತ್ತಿದ್ದರು. ಅವರ ಮಣಿಕಟ್ಟಿಗೆ ನಮಸ್ಕಾರ.

ಇದರ ನಡುವೆ ಗೆಳೆಯರೊಬ್ಬರು ನಗರದ ದುಬಾರಿ ರೆಸ್ಟೋರೆಂಟಿಗೆ ಕರೆದೊಯ್ದರು. ದೊಡ್ಡ ಕರಿ ತಟ್ಟೆಯ ನಡುವೆ ನಿಂಬೆಗಾತ್ರದ ಹ್ಯಾಗಿಸ್ ಉಂಡೆ, ಕರಿದದ್ದು. ಪಕ್ಕದಲ್ಲಿ ನೀಪ್ಸ್‌ನ ನೊರೆ, ವಿಸ್ಕಿ ಸಾಸ್‌ನ ಮೂರು ಚುಕ್ಕಿ. ಉಂಡೆ ರುಚಿಯಾಗಿತ್ತು, ಸುಳ್ಳು ಹೇಳಬಾರದು. ನೊರೆ ಮಾತ್ರ ನಾಲಗೆಗೆ ತಾಗುವ ಮೊದಲೇ ಹೋಯಿತು. ಇರುವ ಚೂರುಪಾರನ್ನು ಮನೆಮಂದಿಗೆಲ್ಲ ಸಾಲಿಸಲು ಹುಟ್ಟಿದ ಅಡುಗೆಯನ್ನು ಒಬ್ಬನ ಹೊಟ್ಟೆಗೂ ಸಾಲದಂತೆ ಮಾಡುವುದಕ್ಕೆ ಬಹಳ ಕೌಶಲ ಬೇಕು ಎಂದುಕೊಂಡು ಮನೆಗೆ ಬಂದು ಮೊಸರನ್ನ ತಿಂದೆ.

ಜನವರಿ 25. ಬರ್ನ್ಸ್ ತೀರಿಕೊಂಡ ಐದು ವರ್ಷಕ್ಕೆ, 1801ರಲ್ಲಿ, ಅಲೋವೇ ಎಂಬ ಊರಿನಲ್ಲಿ ಅವನು ಹುಟ್ಟಿದ ಮನೆಯಲ್ಲೇ ಒಂಬತ್ತು ಮಂದಿ ಸೇರಿ ಉಂಡದ್ದು ಈ ರೂಢಿಯ ಮೊದಲು. ನಮ್ಮಲ್ಲಿ ಹದಿನೇಳು ಮಂದಿ, ಆರು ಕುರ್ಚಿ. ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯ ಊದುವವರ ಬದಲು ಮೊಬೈಲಿನಿಂದಲೇ ಅದು ಮೊಳಗಿತು. ಎಲ್ಲರೂ ಎದ್ದು ಕೈಚಪ್ಪಾಳೆಯಿಂದ ತಾಳ ಹಾಕುತ್ತಿರಲು ಎರಡು ತಟ್ಟೆಗಳ ಮೆರವಣಿಗೆ ಅಡುಗೆಮನೆಯಿಂದ ಹೊರಟಿತು: ಮುಂದೆ ಕುರಿಯದು, ಹಿಂದೆ ನನ್ನದು. ಎರಡನೇ ಮಹಡಿಯ ನಿವೃತ್ತ ಮೇಷ್ಟರು ಹ್ಯಾಗಿಸನ್ನೇ ಸಂಬೋಧಿಸಿ ಬರ್ನ್ಸ್ 1786ರಲ್ಲಿ ಬರೆದ ಎಂಟು ನುಡಿಗಳ ಪದ್ಯವನ್ನು ಬಾಯಿಪಾಠ ಹೇಳಿದರು. ಮೂರನೇ ನುಡಿಯಲ್ಲಿ ಚೂರಿ ಒರೆಸಿ ಇರಿಯುವ ಪದ್ಧತಿ. ಕುರಿಯದ್ದಕ್ಕೆ ಇರಿದರು, ಬಿಸಿ ಆವಿ ಚಿಮ್ಮಿತು. ಆಮೇಲೆ ನನ್ನ ತಟ್ಟೆಯ ಕಡೆ ತಿರುಗಿ ಅದೇ ನುಡಿಯನ್ನು ಇನ್ನೊಮ್ಮೆ ಹೇಳಿ, ಅದೇ ಆರ್ಭಟದಲ್ಲಿ ಚೂರಿ ಇಳಿಸಿದರು. ತೊಗಲು ಚಿರ್ ಎಂದು ಸೀಳಿತು, ಆವಿ ಬಂತು, ನುಚ್ಚು ಉದುರುದುರಾಗಿ ತಟ್ಟೆಗೆ ಜಾರಿತು. ನನ್ನ ಮದುವೆಯ ದಿನವೂ ಅಷ್ಟು ಹಗುರಾಗಿರಲಿಲ್ಲ.

ಮೂರನೇ ಮಹಡಿಯ ಹುಡುಗ ಗ್ಲಾಸ್ಗೋದಲ್ಲಿ ಹುಟ್ಟಿ ಬೆಳೆದವನು, ಅಜ್ಜ ಪಂಜಾಬಿನಿಂದ ಬಂದವರು. ಅವನು ಸಿಹಿಯ ಜೊತೆ ಯಾರೂ ಕೇಳದ ಹ್ಯಾಗಿಸ್ ಪಕೋಡ ತಂದಿದ್ದ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು, ಸ್ಕಾಟ್ಲೆಂಡಿನ ಪಕೋಡದ ಜೊತೆ ತಪ್ಪದೆ ಬರುವ ಗುಲಾಬಿ ಬಣ್ಣದ ಸಾಸ್ ಸಮೇತ. ನಮ್ಮ ಊರಲ್ಲಿ ಹೀಗೆ ಮಾಡುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, “ನಿಮ್ಮ ಊರಿಗೂ ಇದಕ್ಕೂ ಏನು ಸಂಬಂಧ? ಇದು ಗ್ಲಾಸ್ಗೋ ತಿಂಡಿ” ಎಂದು ಸಿಡುಕಿದ. ಸರಿಯಾಗಿಯೇ ಹೇಳಿದ. ಕುರಿಯದಾದ್ದರಿಂದ ನಾನು ತಿನ್ನಲಿಲ್ಲ. ಸರ್ಕಸ್ ಎನ್ನುತ್ತಾರೇನೋ ಎಂದು ಅಜ್ಜಿಯ ಕಡೆ ನೋಡಿದೆ. ಅವರು ಐದನೆಯದನ್ನು ಸಾಸ್‌ನಲ್ಲಿ ಅದ್ದುತ್ತಿದ್ದರು. ಸಿಹಿ ಕ್ರಾನಖಾನ್: ಹುರಿದ ಓಟ್ಸ್, ಕೆನೆ, ಜೇನು, ರಾಸ್ಪ್‌ಬೆರಿ, ವಿಸ್ಕಿ. ಅಲ್ಲೂ ಓಟ್ಸ್!

ಮರುದಿನ ಬಟ್ಟೆ ಒಗೆದುಕೊಂಡು ಕೆಳಗೆ ಹೋದೆ. ಬಾಗಿಲಲ್ಲೇ ಅದನ್ನು ಮೂಸಿ ನೋಡಿದರು. ಸೋಪು ಹಾಕಿಲ್ಲ, ಬಿಸಿನೀರು ಮಾತ್ರ ಎಂದ ಮೇಲೆ ಒಳಗೆ ಬಿಟ್ಟರು. ಸೋಪಿನ ವಾಸನೆ ಮುಂದಿನ ಡಂಪ್ಲಿಂಗಿಗೆ ಹತ್ತುತ್ತದೆಯಂತೆ. ಉಳಿದಿದ್ದ ನನ್ನ ಹ್ಯಾಗಿಸನ್ನು ಬಿಲ್ಲೆಯಾಗಿ ಕೊಯ್ದು ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡುತ್ತಿದ್ದರು. ಒಂದನ್ನು ನನ್ನ ತಟ್ಟೆಗೆ ಹಾಕಿ, ಒಂದನ್ನು ತಾವು ತಿಂದು, ಕಣ್ಣಲ್ಲಿ ಬಂದ ನೀರನ್ನು ಒರೆಸಿಕೊಂಡರು.

“ಮೆಣಸು ಹೆಚ್ಚಾಯಿತು,” ಎಂದರು. ಹಗ್ಗ ಎಳೆದು ಅಡುಗೆಮನೆಯ ಚಾವಣಿಯಿಂದ ಬಟ್ಟೆ ಒಣಗಿಸುವ ಸರಳುಗಳನ್ನು ಇಳಿಸಿ, ದಿಂಬಿನ ಬಟ್ಟೆಯನ್ನು ಹರಡಿ, ಮತ್ತೆ ಮೇಲೇರಿಸಿದರು.